ಉಳುಕಿದ ಕಾಲು, ಬಿಡದ ರೋಜಾ

ರಸೆಲ್ ಮಾರುಕಟ್ಟೆಯಲ್ಲಿ ಕಿತ್ತಳೆ ಮಾರುವ ಖುರ್ಷೀದ್ ಭಾಯಿ ರಂಜಾನ್ ತಿಂಗಳ ಒಂದು ಬೆಳಿಗ್ಗೆ ತನ್ನದೇ ಅಂಗಡಿಯ ಸಿಪ್ಪೆ ತುಳಿದು ಜಾರಿದ. ನಡೆದದ್ದು ಇಷ್ಟೇ. ಆದರೆ ಮೊದಲ ಗಿರಾಕಿಗೆ ಹೇಳುವಾಗ ಒಂದು ಗೂಳಿ ಬಂದು ಗುದ್ದಿತ್ತು. ಎರಡನೆಯವರಿಗೆ ಹೇಳುವಷ್ಟರಲ್ಲಿ ಅದೇ ಗೂಳಿ ದೊಮ್ಮಲೂರಿನ ಮೇಲ್ಸೇತುವೆಯಿಂದ ಹಾರಿ ಬಂದಿತ್ತು. ಪಾದದ ಗಂಟು ಮಾತ್ರ ಯಾವ ಸುಳ್ಳೂ ಇಲ್ಲದೆ ಊದಿಕೊಂಡಿತು.

ಪಕ್ಕದಲ್ಲಿ ಮೂಟೆ ಹೊರುವ ಯಾದಗಿರಿಯ ಹುಲಿಗೆಪ್ಪ ಜೇಬಿನಿಂದ ಮಾತ್ರೆ ತೆಗೆದ.

“ನುಂಗ್ರಿ ಭಾಯ್. ನನ್ನ ಬೆನ್ನು ಇದರ ಮ್ಯಾಲೇ ನಡದೈತಿ.”

“ರೋಜಾ ಇದೀನಿ ಕಣೋ, ಉಪವಾಸ. ಹತ್ತನೇ ವಯಸ್ಸಿಂದ ಒಂದೂ ಬಿಟ್ಟಿಲ್ಲ. ಜ್ವರ ಬಂದಾಗ ನನ್ನ ಮೈಮೇಲೆ ರೊಟ್ಟಿ ಸುಟ್ಕೊಂಡ್ರು, ನಾನು ಮುಟ್ಲಿಲ್ಲ.”

ರೊಟ್ಟಿ ಬಿಟ್ಟರೆ ಉಳಿದದ್ದೆಲ್ಲ ನಿಜ. ಇಷ್ಟು ವರ್ಷ ಕಾಪಾಡಿದ್ದನ್ನು ಒಂದು ಸಿಪ್ಪೆಗಾಗಿ ಕಳೆದುಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ.

ಹೆಂಡತಿ ವಾಜಿದಾ ಅವನನ್ನು ಆಟೋದಲ್ಲಿ ಹಲಸೂರಿನ ಡಾಕ್ಟರ್ ತೇಜಶ್ರೀ ಅವರ ಬಳಿಗೆ ಕರೆದೊಯ್ದಳು. ಅವರು ಗಂಟು ಒತ್ತಿ ನೋಡಿ, ಸ್ವಲ್ಪ ನಡೆಸಿ, ಮೂಳೆ ಮುರಿದಿಲ್ಲ, ಉಳುಕು ಎಂದರು.

“ಮಾತ್ರೆ ನುಂಗಿದ್ರೆ ರೋಜಾ ಮುರಿಯುತ್ತೆ, ಒಂದು ಸೂಜಿ ಚುಚ್ಚಿಬಿಡಿ ಡಾಕ್ಟ್ರಮ್ಮ. ಆನೆಗೆ ಹಾಕ್ತಾರಲ್ಲ, ಅದು.”

“ಹೊಟ್ಟೆ ಹೇಗಿದೆ?”

“ಕಲ್ಲು ಹಾಕಿದ್ರೂ ಹಿಟ್ಟಾಗುತ್ತೆ.”

“ಸಮೋಸಾನೇ ಕರಗಲ್ಲ,” ಎಂದಳು ವಾಜಿದಾ. “ಹೋದ್ವರ್ಷ ಹೊಟ್ಟೇಲಿ ಹುಣ್ಣಾಗಿತ್ತಲ್ಲ, ಅದನ್ನ ಹೇಳ್ರೀ.”

ಭಾಯಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ.

“ಹಾಗಾದ್ರೆ ಊತಕ್ಕೆ ಕೊಡೋ ನೋವಿನ ಮಾತ್ರೆ ಬೇಡ, ಅದೇ ಔಷಧಿ ಸೂಜೀಲೂ ಬೇಡ. ಹುಣ್ಣು ಮತ್ತೆ ಕೆರಳುತ್ತೆ,” ಎಂದರು ಡಾಕ್ಟರ್. “ಉಳುಕಿಗೆ ಮೊದಲು ಹಚ್ಚೋ ಜೆಲ್ಲೇ ವಾಸಿ. ನೋವಿರೋ ಕಡೇನೇ ಕೆಲಸ ಮಾಡುತ್ತೆ, ಹೊಟ್ಟೆಗೆ ಅಷ್ಟು ತೊಂದ್ರೆ ಇಲ್ಲ. ಸಾಲದಿದ್ರೆ ಸಂಜೆ ಇಫ್ತಾರ್ ಆದ್ಮೇಲೆ ಪ್ಯಾರಾಸಿಟಮಾಲ್. ತಡೆಯೋಕಾಗ್ದಿದ್ರೆ ಹಠ ಹಿಡೀದೆ ಬನ್ನಿ.”

“ಇಷ್ಟು ದೊಡ್ಡ ಏಟಿಗೆ ಮುಲಾಮಾ?” ಭಾಯಿಗೆ ಅವಮಾನವಾದಂತಾಯಿತು.

ಮನೆಯಲ್ಲಿ ವಾಜಿದಾ ಕಾಲನ್ನು ದಿಂಬಿನ ಮೇಲಿಟ್ಟು ಜೆಲ್ ಹಚ್ಚಿದಳು. ಪಕ್ಕದಲ್ಲಿ ನೀರೂ ಇಟ್ಟಳು.

“ಹುಷಾರಿಲ್ದೋರಿಗೆ ಮಾಫಿ ಇದೆ. ಆಗಲ್ಲ ಅನ್ಸಿದ್ರೆ ಕುಡೀರಿ.”

ಮಧ್ಯಾಹ್ನ ನೋವು ಜೋರಾದಾಗ ಅವನ ಕೈ ಲೋಟದವರೆಗೆ ಹೋಯಿತು. ಹಾಗೇ ವಾಪಸು ಬಂತು. ಹೊತ್ತು ಇಳಿಯುತ್ತಾ ನೋವೂ ಇಳಿಯಿತು. ಪೂರ್ತಿ ಹೋಗಲಿಲ್ಲ, ಮೂಲೆಯಲ್ಲಿ ಗೊಣಗುತ್ತಾ ಕೂತಿತು. ಸಂಜೆ ಮಸೀದಿಯ ಅಜಾನ್ ಕೇಳಿದ ಮೇಲೆಯೇ ಅವನು ಖರ್ಜೂರ ಬಾಯಿಗಿಟ್ಟದ್ದು.

ಅಷ್ಟರಲ್ಲಿ ಹುಲಿಗೆಪ್ಪನ ಫೋನು. “ಕಾಲು ಹ್ಯಾಂಗೈತಿ ಭಾಯ್?”

“ಏನ್ ಮುಲಾಮು ಅಂತೀಯ ಮಗಾ. ಹಚ್ಚಿದ ಕೂಡ್ಲೇ ಕಾಲೊಂದೇ ಎದ್ದು ಮಾರ್ಕೆಟ್ಟಿಗೆ ಹೊರಟುಬಿಡ್ತು. ಹಿಡಿದು ಕೂರಿಸೋಕೆ ವಾಜಿದಾ, ನಾನು ಇಬ್ರೂ ಬೇಕಾಯ್ತು.”