ಹತ್ತಕ್ಕೆ ಎರಡು

ವಿಜಯವಾಡದ ಗವರ್ನರ್‌ಪೇಟೆಯ ಆ ಕೋಣೆಯಲ್ಲಿ ಇದ್ದದ್ದು ಮೂವರು: ನಾನು, ನನ್ನ ಹೆಂಡತಿ ಮತ್ತು ಆಪ್ತಸಲಹೆಗಾರ್ತಿ. ನನ್ನ ಬಾಯಲ್ಲಿ ಬಿಳಿ ಮಚ್ಚೆ ಕಂಡ ಹಲ್ಲಿನ ಡಾಕ್ಟರು, ಕಡ್ಡಿಪುಡಿ ತಂಬಾಕು ಬಿಡದಿದ್ದರೆ ಕ್ಯಾನ್ಸರ್ ಆದೀತೆಂದು ಹೆದರಿಸಿ ಅಲ್ಲಿಗೆ ಅಟ್ಟಿದ್ದರು. ಬ್ಯಾಂಕಿನ ವರ್ಗಾವಣೆಯಲ್ಲಿ ಬಂದ ನನಗೆ ಭಾವಮೈದ ತಿಂಗಳಿಗೊಂದು ಡಬ್ಬಿ ಕಡ್ಡಿಪುಡಿಯನ್ನು ದಾವಣಗೆರೆಯಿಂದ ಬಸ್ಸಿಗೆ ಹಾಕುತ್ತಿದ್ದ.

ಸಲಹೆಗಾರ್ತಿ ರಾಯದುರ್ಗದ ಕಡೆಯವರು. ಕನ್ನಡಕ್ಕೆ ತೆಲುಗಿನ ಗೌರವದ ‘ಅಂಡಿ’ ಅಂಟಿಸಿ ಮಾತಾಡುವವರು. ಬೈದರೆ ವಾದಿಸೋಣವೆಂದು ನಾನು ತಯಾರಾಗಿ ಹೋಗಿದ್ದೆ. ಆಕೆ ಬೈಯಲೇ ಇಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಏನು ಹೇಳಿದರೂ “ಹಂಗಂತೀರಾ ಅಂಡಿ” ಎಂದು ಕಾಯುತ್ತಿದ್ದರು.

“ಬಿಡೋದು ನಿಮಗೆ ಎಷ್ಟು ಮುಖ್ಯ? ಹತ್ತಕ್ಕೆ ಎಷ್ಟು ಅಂಡಿ?”

“ಎರಡು,” ಎಂದೆ ಗತ್ತಿನಿಂದ.

“ನೋಡಿದ್ರಾ ಮೇಡಂ, ಇವರ ಯೋಗ್ಯತೆ,” ಎಂದಳು ಹೆಂಡತಿ.

ಆಕೆ ನನ್ನ ಕಡೆಗೇ ಬಾಗಿದರು. “ಎರಡು ಅಂದ್ರಿ. ಸೊನ್ನೆ ಯಾಕಲ್ಲ ಅಂಡಿ?”

ನನ್ನ ಎರಡನ್ನು ಬಿಟ್ಟುಕೊಡುವುದುಂಟೇ? ಸಮರ್ಥಿಸಲು ಹೊರಟೆ. ಕೌಂಟರಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಹೇಳಿದೆ. ಮುತ್ತು ಕೊಡಹೋದಾಗ, ಇಲ್ಲಿಗೆ ಬಂದ ಮೇಲೆ ಅಪ್ಪನನ್ನು ನಾನ್ನಾ ಎನ್ನಲು ಕಲಿತಿದ್ದ ಮಗಳು “ನಾನ್ನಾ, ಕಂಪು” ಎಂದದ್ದನ್ನೂ ಹೇಳಿದೆ. ಕಂಪೆಂದರೆ ಪರಿಮಳವೆಂದು ನಾನು ಬೀಗಿ, ಎರಡು ತಿಂಗಳು ಇನ್ನಷ್ಟು ಮುತ್ತು ಕೊಟ್ಟಿದ್ದೆ. ತೆಲುಗಿನಲ್ಲಿ ಅದು ನಾತ.

“ಮಗಳ ಮಾತು ನಿಮಗೆ ನಾಟಿದೆ,” ಎಂದರು ಆಕೆ ಮೆಲ್ಲಗೆ.

ಕೋಲು ಕೊಟ್ಟು ಹೊಡೆಸಿಕೊಳ್ಳುವವರುಂಟು. ನಾನು ಕೋಲು ತಂದು ನನಗೆ ನಾನೇ ಹೊಡೆದುಕೊಂಡಿದ್ದೆ. “ಹಂಗಂತೀರಾ,” ಎಂದೆ.

ಮುಂದಿನ ತಿಂಗಳು ಡಬ್ಬಿ ಬಂದಾಗ ನಾನು ಬಸ್‌ಸ್ಟ್ಯಾಂಡಿಗೆ ಹೋಗಲಿಲ್ಲ. ಅದು ಬಂದ ಬಸ್ಸಿನಲ್ಲೇ ದಾವಣಗೆರೆಗೆ ವಾಪಸಾಯಿತು.