ಆದಮಾಕ ಮಸೆದ ಚಾಕು

ಮೀನಾ ಸಲ್ಮಾನ್ ಬಂದರಿನ ನಮ್ಮ ಗೋದಾಮಿನಲ್ಲಿ ಚಾಕುವಿನ ಮರ್ಮ ಬಲ್ಲವರು ಒಬ್ಬರೇ, ಆದಂ. ಬ್ಯಾರಿಗಳು ಹಿರಿಯರನ್ನು ಕರೆಯುವ ಹಾಗೆ ನಾವೆಲ್ಲ ಅವರನ್ನು ಆದಮಾಕ ಎನ್ನುತ್ತೇವೆ. ಊರು ಬಂಟ್ವಾಳದ ಕಡೆ, ವಯಸ್ಸು ಐವತ್ತೇಳು, ಬಹರೈನಿಗೆ ಬಂದು ಇಪ್ಪತ್ತೊಂಬತ್ತು ವರ್ಷ. ಇಷ್ಟು ವರ್ಷದಲ್ಲಿ ಅವರು ಫೋರ್‌ಮನ್ ಆಗಲಿಲ್ಲ, ಡ್ರೈವರ್ ಆಗಲಿಲ್ಲ. ಹಗ್ಗ ಕತ್ತರಿಸುತ್ತ ಬಂದವರು ಹಗ್ಗ ಕತ್ತರಿಸುತ್ತಲೇ ಉಳಿದರು.

ಹಗ್ಗ ಕತ್ತರಿಸುವುದೂ ಒಂದು ಕೆಲಸವೇ ಎಂದು ಏಸಿಯಲ್ಲಿ ಕೂತವರು ಕೇಳುತ್ತಾರೆ. ಸ್ಟೋರ್ ಕೀಪರ್ ಆಗಿ ಬಂದ ಮೊದಲ ವರ್ಷ ನಾನೂ ಕೇಳಿದ್ದೆ. ಹಡಗಿನಿಂದ ಇಳಿದ ಸರಕಿಗೆ ಸುತ್ತಿದ ಹಗ್ಗ, ಪ್ಲಾಸ್ಟಿಕ್ ಪಟ್ಟಿ, ಟಾರ್ಪಾಲಿನ ಕಟ್ಟು, ಎಲ್ಲದರೊಳಗೂ ಮರಳು ಹೊಕ್ಕಿರುತ್ತದೆ. ಆ ಮರಳು ಅಲಗನ್ನು ತಿನ್ನುತ್ತದೆ. ಮರಳು ಬಿಟ್ಟದ್ದನ್ನು ಉಪ್ಪುಗಾಳಿ ತಿನ್ನುತ್ತದೆ. ತುಕ್ಕು ಹಿಡಿಯದ ಚಾಕು ಬೇಕೆಂದರೆ ಅಂಗಡಿಯಲ್ಲಿ ಫಳಫಳ ಹೊಳೆಯುವವು ಎಷ್ಟೂ ಸಿಗುತ್ತವೆ, ಅವುಗಳಲ್ಲಿ ಹೆಚ್ಚಿನವು ಹತ್ತು ಗಂಟೆಯ ಹೊತ್ತಿಗೆ ಮೊಂಡು. ಆದಮಾಕರ ಜೇಬಿನಲ್ಲಿದ್ದದ್ದು ಮರದ ಹಿಡಿಯ, ಮಡಚುವ ಹಳೆಯ ಚಾಕು. ಅಲಗು ಕಪ್ಪಾಗಿತ್ತು. ದಿನಾ ಸಂಜೆ ಒಂದು ಹನಿ ತೆಂಗಿನೆಣ್ಣೆ ಒರೆಸದಿದ್ದರೆ ತುಕ್ಕು ಹಿಡಿಯುವ ಜಾತಿ. ಆದರೆ ಬೆಳಿಗ್ಗೆ ಮಸೆದ ಹರಿತ ಸಂಜೆಯವರೆಗೆ ನಿಲ್ಲುತ್ತಿತ್ತು. ಹರಿತವನ್ನು ಅವರು ಎಡಗೈಯ ರೋಮ ಬೋಳಿಸಿ ಪರೀಕ್ಷೆ ಮಾಡುತ್ತಿದ್ದುದರಿಂದ ಆ ಕೈ ಸದಾ ಬೋಳು. ಚಹಾದ ಹೊತ್ತಿನಲ್ಲಿ, ನಮಾಜಿಗೆ ಮೊದಲು, ಊಟ ಮುಗಿಸಿ ಎದ್ದ ಮೇಲೆ, ಬೇಕಿರಲಿ ಬೇಡದಿರಲಿ, ಎರಡು ಸಲ ಸಾಣೆಕಲ್ಲಿಗೆ, ನಾಲ್ಕು ಸಲ ಬೆಲ್ಟಿನ ಚರ್ಮಕ್ಕೆ ಎಳೆಯುತ್ತಿದ್ದರು. ಕೆಲವರು ಮೊಬೈಲ್ ತೆಗೆದು ನೋಡುತ್ತಾರಲ್ಲ, ಹಾಗೆ ಅದೊಂದು ಅಭ್ಯಾಸ.

ಹೋದ ವರ್ಷ ಕಂಪನಿ ಹೊಸ ನಿಯಮ ತಂದಿತು. ಇನ್ನು ಮುಂದೆ ಯಾರೂ ಸ್ವಂತ ಚಾಕು ತರಬಾರದು, ಕಂಪನಿ ಕೊಟ್ಟದ್ದನ್ನೇ ಬಳಸಬೇಕು. ಸೇಫ್ಟಿ ಇಂಜಿನಿಯರ್ ಸುಧೀಂದ್ರ ಮೈಸೂರಿನವರು. ಡಿಪ್ಲೊಮ್ಯಾಟಿಕ್ ಏರಿಯಾದ ಕಚೇರಿಯಿಂದ ವಾರಕ್ಕೊಮ್ಮೆ ಬಿಳಿ ಹೆಲ್ಮೆಟ್ ಹಾಕಿಕೊಂಡು ಬರುವವರು. ಕೆಟ್ಟ ಮನುಷ್ಯರಲ್ಲ, ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುತ್ತಾರೆ. ಮಾದರಿಗೆ ಬಂದ ಸ್ಟೇನ್‌ಲೆಸ್ ಚಾಕುವನ್ನು ಅವರು ಆದಮಾಕರ ಕೈಗೆ ಕೊಟ್ಟು, ಒಂದು ವಾರ ಬಳಸಿ ನೋಡಿ ಹೇಳಿ, ನಿಮ್ಮಷ್ಟು ಗೊತ್ತಿರುವವರು ಇಲ್ಲಿ ಯಾರೂ ಇಲ್ಲ ಎಂದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಮನುಷ್ಯನ ಅಭಿಪ್ರಾಯ ಕೇಳಿದ ಮೊದಲ ಇಂಜಿನಿಯರ್. ಅವತ್ತು ಆದಮಾಕ ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಅವರು ಮಾಡಿದ್ದು ಚಾಕು ಬಲ್ಲವನು ಮಾತ್ರ ಮಾಡಬಹುದಾದ ತಪ್ಪು. ಫ್ಯಾಕ್ಟರಿಯ ಒರಟು ಹರಿತ ಕಣ್ಣಿಗೆ ಬಿದ್ದ ಕೂಡಲೇ ಅವರಿಗೆ ಸಹಿಸಲಾಗಲಿಲ್ಲ. ಕಲ್ಲು ತೆಗೆದು ತಮ್ಮ ಕೈಗೆ ಒಗ್ಗಿದ ಓರೆಯಲ್ಲಿ ಹೊಸದಾಗಿ ಮಸೆದರು. ಐದೇ ಎಳೆತಕ್ಕೆ ಹರಿತವಾಯಿತೆಂದು ನನಗೆ ತೋರಿಸಿ ಮೆಚ್ಚಿಕೊಂಡರು. ಕಲ್ಲಿಗೆ ಅಷ್ಟು ಬೇಗ ಸವೆಯುವ ಉಕ್ಕು ಹಗ್ಗಕ್ಕೂ ಅಷ್ಟೇ ಬೇಗ ಸವೆದು ಮೊಂಡಾಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವರೇ ಅವರು. ಅವತ್ತು ಮಾತ್ರ ಅವರಿಗದು ಹೊಳೆಯಲಿಲ್ಲ, ಸಂತೋಷದಲ್ಲಿದ್ದರು. ವಾರವಿಡೀ ಅಭ್ಯಾಸದಂತೆ ದಿನಕ್ಕೆ ನಾಲ್ಕು ಸಲ ಮಸೆದರು. ಚಾಕು ವಾರವಿಡೀ ಚೆನ್ನಾಗಿ ಕತ್ತರಿಸಿತು.

ಚಾಕು ಹೇಗಿದೆಯೆಂದು ಕಚೇರಿಗೆ ತಿಳಿಸುವ ಫಾರಂ ತುಂಬಿದ್ದು ನಾನು. ಹರಿತ ನಿಲ್ಲುತ್ತದೆಯೇ ಎಂಬ ಪ್ರಶ್ನೆಯನ್ನು ಓದಿ ಹೇಳಿದೆ, ನಿಲ್ಲುತ್ತದೆ ಎಂದರು. ಕೆಲಸದ ನಡುವೆ ಎಷ್ಟು ಸಲ ಮಸೆಯಬೇಕಾಯಿತು ಎಂಬುದು ಕೆಳಗಿನ ಸಾಲು. ಊಟದ ಹೊತ್ತಾಗಿತ್ತು, ಹಸಿವಾಗಿತ್ತು. ಕೇಳದೆಯೇ ‘ಮಾಮೂಲಿ’ ಎಂದು ಬರೆದು ಮುಗಿಸಿದೆ. ಬೇರೆಯವರನ್ನು ಬೈಯುವ ಮೊದಲು ಇದನ್ನು ಹೇಳಿಕೊಳ್ಳಬೇಕು ನಾನು.

ನೂರಿಪ್ಪತ್ತು ಚಾಕು ಬಂದವು. ಎಲ್ಲರ ಸ್ವಂತ ಚಾಕುಗಳು ನನ್ನ ಕಪಾಟಿಗೆ ಹೋಗಿ ಬೀಗ ಬಿತ್ತು. ಬೇಸಿಗೆಯ ಮಧ್ಯಾಹ್ನ ಹೊರಗೆ ಕೆಲಸ ಮಾಡುವಂತಿಲ್ಲವಾದ್ದರಿಂದ ಬೆಳಕು ಹರಿಯುವ ಮೊದಲೇ ಕೆಲಸ ಶುರು, ಹನ್ನೆರಡರೊಳಗೆ ಎಲ್ಲ ಮುಗಿಯಬೇಕು. ಆ ಗಡಿಬಿಡಿಯಲ್ಲಿ ಮಸೆಯಲು ಯಾರಿಗೆ ಪುರುಸೊತ್ತು? ಇಡೀ ಅಂಗಳಕ್ಕಿದ್ದದ್ದು ಒಂದೇ ಕಲ್ಲು, ಅದೂ ಆದಮಾಕರದ್ದು. ಮೂರನೇ ದಿನಕ್ಕೇ ಚಾಕು ಮೊಂಡೆಂಬ ಗೊಣಗಾಟ ಕೇಳಿಸಿತು. ಮೇಲಕ್ಕೆ ಬರೆದು ಕಳಿಸಿದೆ. ಪರೀಕ್ಷೆ ಆಗಿದೆ, ಪಾಸಾಗಿದೆ ಎಂದು ಉತ್ತರ ಬಂತು.

ಎರಡನೇ ವಾರ ಮೊಯ್ದುವಿಗೆ ಗಾಯವಾಯಿತು. ಮೊಯ್ದು ಹೂರಾ ಬಡಾವಣೆಯಲ್ಲಿ ಆದಮಾಕರ ರೂಮಿನವನು, ನಲವತ್ತರ ಆಸುಪಾಸು. ಮೊಂಡು ಚಾಕುವಿಗೆ ಬಿಗಿದ ಹಗ್ಗ ತುಂಡಾಗದ್ದರಿಂದ ಮೈಭಾರ ಹಾಕಿ ತನ್ನ ಕಡೆಗೆ ಎಳೆದ. ಹಗ್ಗ ಬಿಟ್ಟುಕೊಡಲಿಲ್ಲ, ಚಾಕು ಜಾರಿ ಎಡ ಮಣಿಕಟ್ಟಿಗೆ ಇಳಿಯಿತು. ಹಗ್ಗ ಕತ್ತರಿಸದ ಚಾಕು ನರ ಕತ್ತರಿಸಿತು. ಹೊಲಿಗೆ ಹಾಕಿ ಕಳಿಸಿದರು, ಆದರೆ ಮೂರು ಬೆರಳು ಮಡಚುವುದಿಲ್ಲ.

ವಿಚಾರಣೆಯಲ್ಲಿ ಬರೆಯಬೇಕಾದದ್ದು ಒಂದೇ ಕಾರಣ. ತಪ್ಪು ಚಾಕುವಿನದ್ದೋ, ಮನುಷ್ಯನದ್ದೋ. ಚಾಕುವಿನದ್ದಾದರೆ ಮೊಯ್ದುವಿಗೆ ಚಿಕಿತ್ಸೆ, ಆಮೇಲೆ ಗೇಟಿನಲ್ಲೋ ಸ್ಟೋರಿನಲ್ಲೋ ಕೂತು ಮಾಡುವ ಕೆಲಸ. ಮನುಷ್ಯನದ್ದಾದರೆ ವೀಸಾ ರದ್ದು, ಊರಿಗೆ ಟಿಕೆಟ್. ಮೇಜಿನ ಮೇಲಿದ್ದ ಸಾಕ್ಷಿಯೂ ಒಂದೇ, ನನ್ನ ಕೈಬರಹದ ಆ ಫಾರಂ.

ಅದು ಗೊತ್ತಾದ ದಿನ ಆದಮಾಕ ಊಟ ಬಿಟ್ಟು ನನ್ನ ಬಳಿ ಬಂದರು. ನಾನು ಮಸೆದದ್ದನ್ನು ಹೇಳಿಬಿಡುತ್ತೇನೆ, ಸುಧೀಂದ್ರರ ಹತ್ತಿರ ಕರೆದುಕೊಂಡು ಹೋಗು ಎಂದರು. ನಿಮ್ಮ ಕೆಲಸ ಹೋದೀತು ಎಂದೆ. ಹೋಗಲಿ ಎಂದರು. ನಾನು ಮನಸ್ಸಿನಲ್ಲೇ ಕೈಮುಗಿದೆ. ಇನ್ನು ಮೊಯ್ದು ಉಳಿದುಕೊಂಡ ಎಂದೇ ನಂಬಿದ್ದೆ.

ಸುಧೀಂದ್ರ ಕುರ್ಚಿ ಕೊಟ್ಟು ಕೂರಿಸಿದರು. ಆದಮಾಕ ಕೂರದೆ ನಿಂತೇ ಹೇಳಿದರು.

“ಸಾರ್, ಆ ಚಾಕು ತಾನಾಗಿ ನಿಂತದ್ದಲ್ಲ. ನಾನು ದಿನಕ್ಕೆ ನಾಲ್ಕು ಸಲ ಮಸೆದಿದ್ದೆ. ಉಕ್ಕು ಮೆತ್ತಗೆ ಉಂಟು. ತಪ್ಪು ನಂದು, ಮೊಯ್ದುದಲ್ಲ.”

ಸುಧೀಂದ್ರ ಪೂರ್ತಿ ಕೇಳಿಸಿಕೊಂಡರು, ಬರೆದುಕೊಂಡರು. ಆಮೇಲೆ ಬಹಳ ಸಮಾಧಾನದಿಂದ, “ಅಂದ್ರೆ ಮೇಂಟೇನ್ ಮಾಡಿದ್ರೆ ಚಾಕು ಕೆಲಸ ಮಾಡುತ್ತೆ, ಅಲ್ವಾ? ನೀವು ಮಾಡಿದ್ರಿ, ನಿಮಗೆ ಏನೂ ಆಗಲಿಲ್ಲ. ಮೊಯ್ದು ಅವರು ಮಾಡಲಿಲ್ಲ” ಎಂದರು.

ನಾನು ನಡುವೆ ಬಂದು ಕಲ್ಲಿಲ್ಲ, ಸಮಯವಿಲ್ಲ ಎಂದೆಲ್ಲ ಹೇಳಿದೆ. ಅದು ಬೇರೆ ವಿಷಯ, ಬೇರೆ ಪತ್ರದಲ್ಲಿ ಬರೆಯಿರಿ ಎಂದರು. ಬರೆದೆ. ಆ ಪತ್ರ ಎಲ್ಲಿದೆಯೋ ದೇವರಿಗೇ ಗೊತ್ತು. ವರದಿಯಲ್ಲಿ ಕಾರಣ ಎಂಬಲ್ಲಿ ಕೆಲಸಗಾರನ ನಿರ್ಲಕ್ಷ್ಯ ಎಂದಾಯಿತು. ಆಧಾರ ಎಂಬಲ್ಲಿ ಆದಂ ಅವರ ಹೇಳಿಕೆ.

ಮೊಯ್ದು ಹೊರಡುವ ದಿನ ಪೆಟ್ಟಿಗೆ ಕಟ್ಟಿಕೊಟ್ಟದ್ದು ಆದಮಾಕರೇ. ನಾನೂ ಹೋಗಿದ್ದೆ. ಯಾರದೋ ಬಾಯಿಂದ ಕೇಳುವುದು ಬೇಡವೆಂದು ನಡೆದದ್ದನ್ನೆಲ್ಲ ಅವರೇ ಅವನಿಗೆ ಹೇಳಿದರು. ಮೊಯ್ದು ಜಗಳ ಮಾಡಲಿಲ್ಲ.

“ನೀವು ಸುಮ್ಮನೆ ಇದ್ದಿದ್ರೆ ಚಾಕು ಸರಿ ಇಲ್ಲ ಅಂತ ಹೇಳ್ಲಿಕ್ಕಾದ್ರೂ ಇತ್ತು ನಂಗೆ, ಆದಮಾಕ” ಎಂದ.

ಅವರು ಅವನ ಅಂಗಿಯ ಗುಂಡಿ ಹಾಕುತ್ತಿದ್ದರು. ಹಾಕಿ ಮುಗಿಸಿದರು. ಟ್ಯಾಕ್ಸಿ ಬಂತು.

ಸತ್ಯ ಹೇಳಿದ್ದಕ್ಕೆ ಕಂಪನಿ ಆದಮಾಕರಿಗೆ ಶಿಕ್ಷೆ ಕೊಡಲಿಲ್ಲ. ಕೊಟ್ಟಿದ್ದರೆ ಚೆನ್ನಾಗಿತ್ತು. ಅದರ ಬದಲು ನೆರಳಿನಲ್ಲಿ ಒಂದು ಮೇಜು, ಫ್ಯಾನು, ನಾಲ್ಕು ಹೊಸ ಸಾಣೆಕಲ್ಲು ಕೊಟ್ಟರು. ಇನ್ನು ಹಗ್ಗ ಕತ್ತರಿಸಬೇಕಾಗಿಲ್ಲ, ದಿನಾ ಎಲ್ಲರ ಚಾಕು ಮಸೆದುಕೊಟ್ಟರೆ ಸಾಕು. ಚಹಾದ ಹೊತ್ತಿಗೆ ಜನ ಮೊಂಡು ಚಾಕು ಕೊಟ್ಟು ಹರಿತದ್ದನ್ನು ಒಯ್ಯುತ್ತಾರೆ. ಹತ್ತು ತಿಂಗಳಿಂದ ಯಾರಿಗೂ ಒಂದು ಗೀರು ಬಿದ್ದಿಲ್ಲ. ಪ್ರತಿ ತಿಂಗಳ ಸೇಫ್ಟಿ ಮೀಟಿಂಗಿನಲ್ಲಿ ಸುಧೀಂದ್ರ ಆ ಲೆಕ್ಕ ಪರದೆಯ ಮೇಲೆ ತೋರಿಸಿ, ನೋಡಿ, ಅದೇ ಚಾಕು, ಅದೇ ಹಗ್ಗ, ತಪ್ಪು ಚಾಕುವಿನದ್ದಲ್ಲ ಎನ್ನುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕೆಟ್ಟದಾಗಿ ಮಸೆದರೆ ಇನ್ನೊಬ್ಬನ ಕೈ ಹೋಗುತ್ತದೆ, ಅದಕ್ಕೆ ಆದಮಾಕ ಚೆನ್ನಾಗಿಯೇ ಮಸೆಯುತ್ತಾರೆ.

ಮೊನ್ನೆ ಕೆಲಸ ಮುಗಿದ ಮೇಲೆ ಚಾಕುಗಳನ್ನು ಎಣಿಸಿ ಒಳಗಿಡುತ್ತಿದ್ದೆ. ಇವತ್ತು ಯಾರಿಗಾದರೂ ತಾಗಿತಾ ಎಂದು ಆದಮಾಕ ಕೇಳಿದರು. ದಿನಾ ಕೇಳುತ್ತಾರೆ. ಇಲ್ಲ ಎಂದೆ.

“ಹಾಗಾದ್ರೆ ಇವತ್ತೂ ಮೊಯ್ದುದೇ ತಪ್ಪು” ಎಂದು ಎದ್ದು, ಕೈ ತೊಳೆಯಲು ಹೋದರು.