ಬೆಚ್ಚ ನೀರು

ನನ್ನ ಕನ್ನಡದ ಬಗ್ಗೆ ನನಗೆ ಮೊದಲಿನಿಂದಲೂ ಜಂಬ. ಮಂಗಳೂರಿನ ಫಳ್ನೀರಿನ ನಮ್ಮ ಮನೆಯಲ್ಲಿ ಕೊಂಕಣಿ, ಮೀನು ಮಾರ್ಕೆಟಿನಲ್ಲಿ ತುಳು. ಕನ್ನಡ ಮಾತ್ರ ಶಾಲೆಯಲ್ಲಿ ಕಲಿತದ್ದು. ಅದನ್ನು ನಾನು ಇಗರ್ಜಿಗೆ ಹೋಗುವ ಸೀರೆಯ ಹಾಗೆ ಇಸ್ತ್ರಿ ಹಾಕಿಯೇ ಹೊರಗೆ ತೆಗೆಯುವುದು. ಈ ಜಂಬ ಒಬ್ಬರ ಅನ್ನಕ್ಕೆ ಕಲ್ಲು ಹಾಕುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನನ್ನ ಕೆಲಸ ಹೋರಿಗಳ ವೀರ್ಯ ಕಾಯುವುದು. ಹೀಗೆಂದರೆ ಮದುವೆಮನೆಯಲ್ಲಿ ಹೆಂಗಸರು ಬಾಯಿಗೆ ಕರವಸ್ತ್ರ ಹಿಡಿಯುತ್ತಾರೆ. ನಗಲಿ, ನನಗೆಂತ? ಸಣ್ಣ ಪ್ಲಾಸ್ಟಿಕ್ ಕಡ್ಡಿಗಳಲ್ಲಿ ಹೆಪ್ಪುಗಟ್ಟಿದ ವೀರ್ಯವನ್ನು ದ್ರವ ಸಾರಜನಕದ ಜಾಡಿಯಲ್ಲಿ ಮುಳುಗಿಸಿಡಬೇಕು. ದನಗಳಿಗೆ ಇಂಜೆಕ್ಷನ್ ಕೊಡಲು ಊರೂರು ಸುತ್ತುವವರು ಬಂದಾಗ ಹಂಚಬೇಕು. ಅವರು ದನದ ಮನೆಯಲ್ಲಿ ಕಡ್ಡಿಯನ್ನು ನೀರಿಗೆ ಹಾಕಿ, ಕರಗಿಸಿ, ಬೆದೆಗೆ ಬಂದ ದನಕ್ಕೆ ಕೊಡುತ್ತಾರೆ.

ಹಿಂದಿನ ವರ್ಷ ನನಗೆ ಸುಧಾರಣೆಯ ಹುಚ್ಚು ಹಿಡಿಯಿತು. ಸಾರಜನಕ ಇಳಿದಿದೆಯೇ ಎಂದು ದಿನಾ ಕೋಲು ಅದ್ದಿ ನೋಡಿದೆ. ಕಡ್ಡಿಯನ್ನು ಜಾಡಿಯ ಕುತ್ತಿಗೆಗಿಂತ ಮೇಲೆ ಎತ್ತಿದವರಿಗೆಲ್ಲ ಬೈದೆ. ಕೊನೆಗೆ ಎಲ್ಲರನ್ನೂ ಕೂರಿಸಿ ಪಾಠ ಮಾಡಿದೆ. ಅದುವರೆಗೆ ಅವರು ಕಡ್ಡಿಯನ್ನು ಬರೀ ನಲ್ಲಿ ನೀರಿನಲ್ಲಿ ಕರಗಿಸುತ್ತಿದ್ದರು. ನಮ್ಮ ಊರಿನ ಸೆಕೆಗೆ ಅದೂ ಒಂದು ಮಟ್ಟಿಗೆ ನಡೆಯುತ್ತಿತ್ತು. "ಇನ್ನು ಮುಂದೆ ಹಾಗಾಗದು" ಎಂದು ಬೋರ್ಡಿನಲ್ಲಿ ಡಿಗ್ರಿ ಬರೆದೆ. ಥರ್ಮಾಮೀಟರ್‌ಗಳು ಇನ್ನೂ ಬಂದಿರಲಿಲ್ಲ.

"ಥರ್ಮಾಮೀಟರ್ ಇಲ್ಲದೆ ಹೇಗೆ ಮೇಡಂ?" ಎಂದು ಬಜಪೆ ಕಡೆ ಹೋಗುವವರು ಕೇಳಿದರು. ನನಗಿಂತ ಹಿರಿಯರು, ತುಳುವಿನವರು, ಹಳೆಯ ಸ್ಕೂಟರಿನಲ್ಲಿ ತಿರುಗುವವರು.

"ಬೆಚ್ಚಗಿನ ನೀರಾದರೆ ಸಾಕು."

"ಬೆಚ್ಚ ನೀರು ಅಲ್ವ?"

"ಬೆಚ್ಚಗಿನ ನೀರು ಮಾರಾಯ್ರೇ! ಎಷ್ಟು ಸಲ ಹೇಳ್ಬೇಕು?"

ಅವರ ವ್ಯಾಕರಣ ತಿದ್ದಿದ ಖುಷಿಯಲ್ಲಿ ಮುಂದಿನ ಪಾಠಕ್ಕೆ ಹೋದೆ.

ಆಮೇಲೆ ಅವರ ಕಡೆಯ ದನಗಳು ಗಬ್ಬ ನಿಲ್ಲುವುದು ಕಡಿಮೆಯಾಯಿತು. ನಾನು ಕಡ್ಡಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಜೀವ ಚೆನ್ನಾಗಿಯೇ ಇತ್ತು, ಮಳೆಗಾಲದ ತೋಡಿನ ಮೀನುಮರಿಗಳ ಹಾಗೆ ಓಡಾಡುತ್ತಿತ್ತು. ಹಾಗಾದರೆ ತಪ್ಪು ಅವರದ್ದೇ. "ಮಾಲು ಸರಿ ಉಂಟಾ ಮೇಡಂ?" ಎಂದು ಅವರು ಮೆಲ್ಲಗೆ ಕೇಳಿದಾಗ ಎಲ್ಲರ ಎದುರಿಗೇ ಹೇಳಿದೆ: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಉಳಿದವರು ನಕ್ಕರು. ಅವರು ತಲೆ ತಗ್ಗಿಸಿ ಜಾಡಿಯ ಮುಚ್ಚಳ ಹಾಕಿಕೊಂಡು ಹೋದರು.

ಒಂದು ಬೆಳಿಗ್ಗೆ ಬಜಪೆಯಿಂದ ಒಬ್ಬ ಹೆಂಗಸು ನನಗೇ ಫೋನ್ ಮಾಡಿದರು. ತವರಿನಿಂದ ಕರುವಾಗಿ ತಂದ ಕಂದು ದನ, ಎಷ್ಟು ಸಲ ಇಂಜೆಕ್ಷನ್ ಕೊಡಿಸಿದರೂ ಮತ್ತೆ ಬೆದೆಗೆ ಬರುತ್ತಿದೆ. ಗಂಡ ಗಲ್ಫಿನಲ್ಲಿ. "ಈ ಸಲವೂ ನಿಲ್ಲದಿದ್ರೆ ಕೊಟ್ಟುಬಿಡು ಅಂತ ಇವರು ಹೇಳಿದ್ದಾರೆ. ನಾನು ಅದನ್ನು ಹೇಗೆ ಕೊಡುವುದು ಮೇಡಂ?" ಎಂದು ಅತ್ತೇಬಿಟ್ಟರು. ನಾನು ಆ ಹಿರಿಯರ ಸ್ಕೂಟರಿನ ಹಿಂದೆ ಕೂತು ಹೊರಟೆ. ದನದ ಮೇಲಿನ ಕನಿಕರದಿಂದ ಎಂದು ಬರೆದರೆ ಸುಳ್ಳಾದೀತು. ಅವರ ತಪ್ಪನ್ನು ಕಣ್ಣಾರೆ ಹಿಡಿಯಬೇಕಿತ್ತು ನನಗೆ.

ಅಂಗಳದಲ್ಲಿ ಅವರು ಚಪ್ಪಲಿ ಬಿಟ್ಟು, ಕೈ ತೊಳೆದು ಕೂಗಿದರು: "ಅಕ್ಕಾ, ಬೆಚ್ಚ ನೀರು ಕೊಡಿ."

ಫೋನ್ ಮಾಡಿದ್ದ ಆ ಅಕ್ಕ ಬಚ್ಚಲಿನ ಹಂಡೆಯಿಂದ ಚೊಂಬಿನಲ್ಲಿ ನೀರು ತಂದರು. ಹಬೆಯಾಡುತ್ತಿತ್ತು. ಇವರು ಕಡ್ಡಿಯನ್ನು ನಾನು ಕಲಿಸಿದ ಹಾಗೆಯೇ ಚಿಮ್ಮಟದಲ್ಲಿ ಹಿಡಿದು, ನಾನು ಕಲಿಸಿದ ಹಾಗೆಯೇ ಗಡಿಯಾರ ನೋಡುತ್ತಾ ಮುಳುಗಿಸಿದರು. ನಾನು ಚೊಂಬಿಗೆ ಬೆರಳು ಅದ್ದಿದೆ. ಸಾಯ್ಬಾ! ಬೆರಳು ಬೆಂದೇಹೋಯಿತು.

"ಎಂತ ಮಾರಾಯ್ರೇ ಇದು, ಕೋಳಿ ಪುಕ್ಕ ಕೀಳುವುದಾ?"

"ಬೆಚ್ಚ ನೀರು ಮೇಡಂ. ನೀವೇ ಹೇಳಿದ್ದಲ್ವ?"

ತುಳುವಿನಲ್ಲಿ ಬೆಚ್ಚ ಎಂದರೆ ಸುಡುವ ಬಿಸಿ. ಅದು ನನಗೆ ಗೊತ್ತಿಲ್ಲದ್ದೇ? ಬೆಚ್ಚ ಚಾಯ ಕುಡಿದು ನಾಲಿಗೆ ಸುಟ್ಟುಕೊಂಡು ಬೆಳೆದವಳು ನಾನು. ಪಾಠ ಮಾಡಲು ನಿಂತಾಗ ಮಾತ್ರ ಪುಸ್ತಕದ ಕನ್ನಡ ಉಟ್ಟುಕೊಂಡು, ಕೇಳುವವರ ಕಿವಿಯಲ್ಲಿ ಯಾವ ಭಾಷೆ ಉಂಟು ಎನ್ನುವುದನ್ನೇ ಮರೆತಿದ್ದೆ. ಅಷ್ಟೂ ಸಲ ಅವರು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿ, ಜೀವವಿದ್ದ ವೀರ್ಯವನ್ನು ಬೇಯಿಸಿ ಕೊಟ್ಟಿದ್ದರು.

ಆ ಕಡ್ಡಿಯನ್ನು ಎಸೆದೆವು. ನಾನು ತಣ್ಣೀರು ಬೆರೆಸಿ, ಮೊಣಕೈಗೆ ತಾಗಿಸಿ ನೋಡಿ, ಇನ್ನೊಂದು ಕಡ್ಡಿಯನ್ನು ಕರಗಿಸಿದೆ. ಇಂಜೆಕ್ಷನ್ ಕೊಟ್ಟದ್ದು ಅವರೇ.

"ಇಷ್ಟು ದಿನ ಎಂತ ಆಗಿತ್ತು ಮೇಡಂ?" ಅಕ್ಕ ಕೇಳಿದರು.

ಹಿರಿಯರು ನನ್ನ ಮುಖ ನೋಡಿದರು. ನಾನು ನನ್ನ ಒಳ್ಳೆಯ ಕನ್ನಡದಲ್ಲಿ ಹೇಳಿದೆ: "ನೀರು ಸ್ವಲ್ಪ ಹೆಚ್ಚು ಬಿಸಿಯಾಗಿತ್ತು."

ಆಗಿತ್ತು. ಯಾರಿಂದ ಆಗಿತ್ತು ಎಂದು ಹೇಳದೆ ವಾಕ್ಯ ಮುಗಿಸಲು ಬರುತ್ತದಲ್ಲ, ಅದೇ ಸಾಕಾಯಿತು. ಅಕ್ಕ ಅವರತ್ತ ತಿರುಗಿ, "ಇಷ್ಟು ವರ್ಷದಿಂದ ಈ ಕೆಲಸ ಮಾಡ್ತೀರಿ, ನೀರಿನ ಹದ ಗೊತ್ತಿಲ್ವ? ನಿಮ್ಮ ಕೈಗುಣವೇ ಹೋಯ್ತು" ಎಂದು ಬಯ್ದರು. ಅವರು ಕೈಗವಸು ಕಳಚಿದರು. ನಾನು ಜಾಡಿಯ ಮುಚ್ಚಳ ಹಾಕಿದೆ.

ದನ ಗಬ್ಬ ನಿಂತಿತು. ಮೇಡಮ್ಮನ ಕೈಗುಣ ಎಂದು ಬಜಪೆಯಲ್ಲೆಲ್ಲ ಸುದ್ದಿಯಾಯಿತು. ನಮ್ಮವರಿಗೆಲ್ಲ ಪಾಠವನ್ನು ತುಳುವಿನಲ್ಲಿ ಮತ್ತೆ ಮಾಡಿದೆ, ತಪ್ಪು ನನ್ನದೆಂದೂ ಹೇಳಿದೆ. ಆದರೆ ದನದ ಮನೆಯವರು ಆ ಹಿರಿಯರನ್ನು ಕರೆಯುವುದನ್ನು ಬಿಟ್ಟು ಬೇರೆಯವರಿಗೆ ಫೋನ್ ಮಾಡತೊಡಗಿದ್ದರು. ನಾನೇ ಅಕ್ಕನ ಮನೆಗೆ ಹೋಗಿ, "ಅವರದ್ದು ಏನೂ ತಪ್ಪಿಲ್ಲ, ತಪ್ಪು ಹೇಳಿಕೊಟ್ಟದ್ದು ನಾನು" ಎಂದೆ. ಅಕ್ಕ ನನ್ನ ಕೈ ಹಿಡಿದುಕೊಂಡರು. "ನಿಮ್ಮದು ದೊಡ್ಡ ಮನಸ್ಸು ಮೇಡಂ. ಅವರನ್ನು ಬಿಟ್ಟುಕೊಡುವುದಿಲ್ಲ ನೀವು." ಅಂಗಳದಲ್ಲಿ ಆಡದ ನಿಜ ತಡವಾಗಿ ಬಂದು ನನಗೇ ಇನ್ನೊಂದು ಹೊಗಳಿಕೆಯಾಯಿತು.

ಈ ವಾರ ಆ ದನ ಕರು ಹಾಕಿತು, ಹೆಣ್ಣು ಕರು. ಅಕ್ಕ ನನಗೆಂದು ಗಿಣ್ಣು ಮಾಡಿ ಸ್ಟೀಲಿನ ಡಬ್ಬಿಯಲ್ಲಿ ಕಳಿಸಿದ್ದರು. ತಂದುಕೊಟ್ಟದ್ದು ಆ ಹಿರಿಯರೇ. ಮಂಗಳೂರಿಗೆ ಬರುವವರು ಅವರಲ್ಲವೇ, ಅಕ್ಕ ದಾರಿಯಲ್ಲಿ ನಿಲ್ಲಿಸಿ ಕೊಟ್ಟರಂತೆ.

"ನಿಮಗೂ ಕೊಟ್ರಾ?" ಎಂದು ಕೇಳಿದೆ.

"ನನಗೆ ಎಂತಕ್ಕೆ ಮೇಡಂ? ಕೈಗುಣ ನಿಮ್ಮದಲ್ವ?"

ಅಣಕಿಸಿ ಹೇಳಿದ್ದಲ್ಲ. ಅವರೂ ಅದನ್ನು ನಂಬಿಬಿಟ್ಟಿದ್ದರು.